ಮೇಲಿನ ಕೋಣೆಯ ಮದ್ದಿನವಳು

ಅವಳ ಬಲಗೈ ಹೆಬ್ಬೆರಳಿನ ತುದಿ ಯಾವಾಗಲೂ ಒಡೆದಿರುತ್ತಿತ್ತು. ಚರ್ಮ ದಪ್ಪಗಟ್ಟಿ, ನಡುವೆ ಒಂದು ಸೀಳು. ದಿನವಿಡೀ ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಒತ್ತಿ ತೆಗೆದು, ಸೋಮವಾರ ಬೆಳಿಗ್ಗೆ, ಸೋಮವಾರ ಸಂಜೆ ಎಂದು ಗೂಡು ಗೂಡಾಗಿರುವ ಪ್ಲಾಸ್ಟಿಕ್ ಟ್ರೇಗೆ ತುಂಬುವ ಕೆಲಸ ಅವಳದು. ನೆನಪು ನಿಲ್ಲದ ಮುದುಕರಿಗೆ ಇಲ್ಲಿ ವಾರದ ಮದ್ದನ್ನು ಹಾಗೆ ತುಂಬಿ ಕೊಡುತ್ತಾರೆ. ನನ್ನ ಹೆಬ್ಬೆರಳೂ ಒಂದು ಕಾಲಕ್ಕೆ ಹಾಗೇ ಇತ್ತು, ತೆಂಗಿನಕಾಯಿ ತುರಿದು ತುರಿದು. ಆದ್ದರಿಂದ ಬಾಡಿಗೆ ಕೋಣೆ ಕೇಳಿಕೊಂಡು ಬಂದ ದಿನ ನಾನು ಅವಳ ಮುಖ ನೋಡಲಿಲ್ಲ, ಕೈ ನೋಡಿದೆ. ಕೋಣೆ ಕೊಟ್ಟೆ.

ಲಂಡನ್ನಿನ ಅಂಚಿನ ಹೇಸ್‌ನಲ್ಲಿ ನಮ್ಮದು ಸಾಲುಮನೆಗಳ ನಡುವಿನ ಒಂದು ಮನೆ. ನನ್ನ ಗಂಡ ಹೋಟೆಲಿನಲ್ಲಿ ದೋಸೆ ಹೊಯ್ದು, ನಾನು ಅದೇ ಹೋಟೆಲಿನ ಹಿಂದೆ ಹಿಟ್ಟು ರುಬ್ಬಿ ಮಾಡಿಕೊಂಡದ್ದು. ಅವರು ಹೋದ ಮೇಲೆ ಮಹಡಿಯ ಕೋಣೆ ಖಾಲಿ ಇತ್ತು. ನಾನು ಉಡುಪಿಯವಳು, ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅವಳು ಹುಬ್ಬಳ್ಳಿಯವಳು, ಮದ್ದಿನ ಪುಸ್ತಕಗಳನ್ನು ಅಡಿಯಿಂದ ಮುಡಿಯವರೆಗೆ ಓದಿದವಳು. ವಯಸ್ಸು ನಲವತ್ತು. ಗಂಡನಿಗೆ ವಿಮಾನ ನಿಲ್ದಾಣದ ಹತ್ತಿರದ ಗೋದಾಮಿನಲ್ಲಿ ರಾತ್ರಿ ಪಾಳಿ. ಹಗಲು ಅವನು ಕೋಣೆಯಲ್ಲಿ ಮಲಗುತ್ತಿದ್ದ. ಓದಲು ಜಾಗವಿಲ್ಲದೆ ಇವಳು ಪುಸ್ತಕ ಹಿಡಿದು ನನ್ನ ಅಡುಗೆಮನೆಗೆ ಇಳಿದು ಬರುತ್ತಿದ್ದಳು. ನಮ್ಮ ಪರಿಚಯ ಬೆಳೆದದ್ದು ಹೀಗೆ. ಇಲ್ಲದಿದ್ದರೆ ನಾನು ಬಾಡಿಗೆಯವರ ಹತ್ತಿರ ಹೆಚ್ಚು ಮಾತಾಡುವವಳಲ್ಲ.

ಹುಬ್ಬಳ್ಳಿಯಲ್ಲಿ ಅವಳು ಹನ್ನೊಂದು ವರ್ಷ ಮೆಡಿಕಲ್ ಶಾಪಿನಲ್ಲಿ ಫಾರ್ಮಸಿಸ್ಟ್ ಆಗಿದ್ದಳು. ಅದು ಈ ದೇಶದಲ್ಲಿ ನಡೆಯುವುದಿಲ್ಲ. ಮತ್ತೆ ಒಂದು ವರ್ಷ ಕಾಲೇಜು, ಒಂದು ವರ್ಷ ಅಂಗಡಿಯಲ್ಲಿ ಕಲಿಕೆ, ಆಮೇಲೆ ಲೈಸೆನ್ಸಿನ ಪರೀಕ್ಷೆ. ಆ ಪರೀಕ್ಷೆಗೆ ಮೂರು ಸಲ ಮಾತ್ರ ಕೂರಬಹುದು. ಮೂರನೆಯದರಲ್ಲೂ ಹೋದರೆ ಈ ದೇಶದಲ್ಲಿ ಫಾರ್ಮಸಿಸ್ಟ್ ಆಗುವ ಬಾಗಿಲು ಮುಚ್ಚಿತು. ಅವಳು ನನ್ನ ಮನೆಗೆ ಬಂದಾಗ ಎರಡು ಮುಗಿದಿದ್ದವು. ನಮ್ಮ ಬೀದಿಯ ಕೊನೆಯ ಮದ್ದಿನ ಅಂಗಡಿಯಲ್ಲಿ ಟ್ರೇ ತುಂಬುತ್ತ, ಕೌಂಟರಿನಲ್ಲಿ ನಿಲ್ಲುತ್ತ ಮೂರನೆಯದಕ್ಕೆ ಓದುತ್ತಿದ್ದಳು.

ಲೆಕ್ಕದಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ಮಗುವಿನ ತೂಕ ಇಷ್ಟು, ಮದ್ದು ಎಷ್ಟು ಎಂದರೆ ನಾನು ಒಗ್ಗರಣೆಗೆ ಸಾಸಿವೆ ಹಾಕಿ ಅದು ಸಿಡಿಯುವುದರೊಳಗೆ ಹೇಳುತ್ತಿದ್ದಳು. ಬೀಳುತ್ತಿದ್ದದ್ದು ಕಾನೂನಿನಲ್ಲಿ. ಯಾವ ಮದ್ದನ್ನು ಯಾರಿಗೆ, ಡಾಕ್ಟರ ಯಾವ ಚೀಟಿಗೆ ಕೊಡಬಹುದು, ಯಾವುದಕ್ಕೆ ಕೊಡಬಾರದು ಎನ್ನುವುದು. ಯಾಕೆ ಬೀಳುತ್ತೀ ಎಂದು ಕೇಳಿದೆ.

“ಹೆಂಗಂದ್ರ ಅಮ್ಮಾರ, ಪ್ರಶ್ನೆಯೊಳಗ ಒಬ್ಬ ಮುದುಕ ಬರ್ತಾನ್ರಿ. ಮಾತ್ರಿ ಮುಗದಾವ, ಚೀಟಿ ಇಲ್ಲ. ಕೆಳಗ ನಾಕೈದು ಉತ್ತರ ಕೊಟ್ಟಿರ್ತಾರ. ಕೊಡಬಾರದು ಅಂತ ತಲಿಗೆ ಗೊತ್ತೈತಿ. ಕೈ ಮಾತ್ರ ಕೊಡೂ ಉತ್ತರಕ್ಕ ಹೋಗತೈತಿ.”

“ಕೈಗೆ ಎಂತ ಆಗಿದೆ?”

“ಹನ್ನೊಂದು ವರ್ಷದ ರೂಢಿ ಅಲ್ರೀ. ನಮ್ಮಲ್ಲಿ ಚೀಟಿ ಯಾರು ತರ್ತಾರ? ಖಾಲಿ ಸ್ಟ್ರಿಪ್ ತೋರಸ್ತಾರ, ನಾವು ಕತ್ತರಿ ತಗೊಂಡು ನಾಕು ಮಾತ್ರಿ ಕತ್ತರಿಸಿ ಕೊಡ್ತೀವಿ. ಹತ್ತೂ ತಗೊಳ್ಳೂ ಶಕ್ತಿ ಎಷ್ಟು ಮಂದಿಗೆ ಇರ್ತೈತ್ರಿ?”

ಅವಳು ಬಾಯಿಪಾಠ ಮಾಡುವ ರೀತಿ ನನಗೆ ಸರಿ ಕಾಣಲಿಲ್ಲ. ಗೋಡೆ ನೋಡಿಕೊಂಡು ಮಣಮಣ ಎನ್ನುತ್ತಿದ್ದಳು. ಒಂದು ದಿನ ಬೀನ್ಸ್ ಹೆಚ್ಚುತ್ತ ಕೂತಿದ್ದ ನನಗೆ ತಲೆ ಕೆಟ್ಟಿತು. ಗೋಡೆಗೆ ಯಾಕೆ ಹೇಳ್ತೀ, ನನಗೆ ಹೇಳು ಎಂದೆ. ಮೇಜಿನ ಆ ಕಡೆ ಅವಳು, ಈ ಕಡೆ ನಾನು. ಅಂದಿನಿಂದ ಆ ಮೇಜು ಕೌಂಟರ್ ಆಯಿತು, ನಾನು ಗಿರಾಕಿಯಾದೆ. ಅವಳ ಕೈ ಕೊಡಲು ಮುಂದೆ ಬಂದರೆ ಹೆಬ್ಬೆರಳಿನ ಮೇಲೆ ಮರದ ಸೌಟಿನಿಂದ ಒಂದು ಏಟು. ಅದು ನಾವೇ ಮಾಡಿಕೊಂಡ ಕಟ್ಟಳೆ.

“ಇಗೋ ಚೀಟಿ. ಉಡುಪಿಯ ದೊಡ್ಡ ಡಾಕ್ಟ್ರು ಬರೆದದ್ದು. ಮದ್ದು ಕೊಡು.”

“ಆ ಚೀಟಿ ಇಲ್ಲಿ ನಡಿಯಂಗಿಲ್ರಿ.”

“ಯಾಕೆ ನಡೆಯುವುದಿಲ್ಲ? ಅವ್ರು ಓದಿದ್ದೇ ಲಂಡನ್ನಿನಲ್ಲಿ.”

“ಎಲ್ಲೆರ ಓದ್ಲಿ. ಚೀಟಿ ಬರಿಯಾಕ ಈ ದೇಶದವರು ಒಪ್ಪಿದ ಪಟ್ಟಿಯೊಳಗ ಅವರ ಹೆಸರು ಇರಬೇಕ್ರಿ.”

“ಸರಿ. ಇದು ಇಲ್ಲಿಯದೇ ಜಿಪಿ, ನಮ್ಮ ಬಡಾವಣೆಯ ಡಾಕ್ಟ್ರು, ಕೊಟ್ಟದ್ದು. ಗಟ್ಟಿ ನೋವಿನ ಮಾತ್ರೆ. ಬರೆದು ಒಂದೂವರೆ ತಿಂಗಳಾಯ್ತು, ಊರಿಗೆ ಹೋಗಿದ್ದೆ.”

“ಈ ಥರದ ಮಾತ್ರಿಗೆ ಇಪ್ಪತ್ತೆಂಟು ದಿನಾ ಅಷ್ಟ. ಮುಗೀತು.”

“ನೋಡು ಮಾರಾಯ್ತಿ, ನನ್ನ ಸೊಂಟ ಮುರಿದು ಹೋಗಿದೆ. ಮೂರು ಬಸ್ಸು ಹತ್ತಿ ಬಂದಿದ್ದೇನೆ. ನೀನೂ ಕನ್ನಡದವಳು. ಎರಡೇ ಎರಡು ಕೊಡು.”

ಇಲ್ಲಿ ಅವಳ ಕೈ ಬರುತ್ತಿತ್ತು. ಸೌಟು ಬೀಳುತ್ತಿತ್ತು. “ನೀವು ಭಾಳ ಕೆಟ್ಟ ಗಿರಾಕಿ ಬಿಡ್ರಿ” ಎಂದು ಬೆರಳು ಉಜ್ಜಿಕೊಳ್ಳುತ್ತ ನಗುತ್ತಿದ್ದಳು. ನಾನು ಹೋಟೆಲಿನ ಅಡುಗೆಮನೆಯಲ್ಲಿ ತರಕಾರಿಯವನ ಹತ್ತಿರ ಚೌಕಾಸಿ ಮಾಡಿ ಪಳಗಿದವಳು. ನನ್ನನ್ನು ದಾಟಿದರೆ ಪರೀಕ್ಷೆಯ ಮುದುಕ ಯಾವ ಲೆಕ್ಕ.

ಕೆಲವು ಸಲ ಅವಳು ನನ್ನನ್ನೇ ಕೇಳುತ್ತಿದ್ದಳು. “ಅಂಗಡಿ ನಡಸ್ಬೇಕಂದ್ರ ಗ್ವಾಡಿ ಮ್ಯಾಲೆ ಏನು ಹಾಕ್ಬೇಕ್ರಿ?”

“ದೇವರ ಫೋಟೋ.”

“ಅಲ್ರಿ. ಇವತ್ತಿನ ಫಾರ್ಮಸಿಸ್ಟ್ ಯಾರು ಅಂತ ಹೆಸರು, ನಂಬರು. ಬಂದವರಿಗೆಲ್ಲಾ ಕಾಣಂಗ.”

“ಅದು ಎಂತಕ್ಕೆ?”

“ತಪ್ಪಾದ್ರ ಯಾರನ್ನ ಹಿಡೀಬೇಕು ಅಂತ ಗೊತ್ತಾಗ್ಬೇಕಲ್ರೀ.”

ಆ ಕಾನೂನು ನನಗೆ ಒಪ್ಪಿಗೆಯಾಯಿತು. ಹೋಟೆಲುಗಳಿಗೂ ಅದನ್ನು ತರಬೇಕು.

ಒಂದು ವಿಷಯದಲ್ಲಿ ಮಾತ್ರ ನಮಗೆ ಆಗುತ್ತಿರಲಿಲ್ಲ. ಅದು ನನ್ನ ಬಿಸ್ಕೆಟ್ ಡಬ್ಬ. ಊರಿಗೆ ಹೋದಾಗಲೆಲ್ಲ ನಾನು ಮಾತ್ರೆ ತರುತ್ತಿದ್ದೆ. ಜ್ವರದ್ದು, ಗ್ಯಾಸಿನದು, ಮಂಡಿನೋವಿನದು, ನನ್ನ ಪ್ರೆಶರಿನದು. ಇಲ್ಲಿಂದ ಊರಿಗೆ ಹೋಗುವ ನಮ್ಮವರೆಲ್ಲರ ಪೆಟ್ಟಿಗೆಯಲ್ಲೂ ಬರುವಾಗ ಇದು ಇದ್ದೇ ಇರುತ್ತದೆ. ನನ್ನ ನಾದಿನಿ ಬಂದು ನಿಂತು ಹೋದಾಗ ಅವಳದ್ದೂ ಒಂದಷ್ಟು ಅದರಲ್ಲೇ ಉಳಿಯಿತು. ಬೀದಿಯಲ್ಲಿ ಯಾರಿಗೆ ಮೈ ಕೈ ನೋವು ಬಂದರೂ ನನ್ನ ಬಾಗಿಲು ತಟ್ಟುತ್ತಿದ್ದರು. ಇವಳು ಒಂದು ದಿನ ಅದನ್ನು ಕಂಡಳು.

“ಅಮ್ಮಾರ, ಇದು ಅಡಗಿಮನಿ ಅಲ್ರಿ. ಲೈಸೆನ್ಸ್ ಇಲ್ಲದ ಮೆಡಿಕಲ್ ಶಾಪು.”

“ನಿನ್ನ ಅಂಗಡಿಗಿಂತ ಇಲ್ಲಿ ಗಿರಾಕಿ ಜಾಸ್ತಿ. ಹೊಟ್ಟೆಕಿಚ್ಚಾ?”

“ನನಗ ಕೊಡ್ರಿ. ಅಂಗಡಿಗೆ ಒಯ್ದು ನಾಶಕ್ಕ ಹಾಕ್ತೀನಿ.”

“ಕೈ ತೆಗಿ” ಎಂದೆ. ಡಬ್ಬ ಕಪಾಟಿನ ಮೇಲಕ್ಕೆ ಹೋಯಿತು.

ಪರೀಕ್ಷೆಗೆ ಮೂರು ವಾರ ಇದ್ದಾಗ ನನ್ನ ಪ್ರೆಶರಿನ ಮಾತ್ರೆ ಮುಗಿಯಿತು. ಜಿಪಿಗೆ ಹೇಳಿ ಬರೆಸಲು ಮರೆತಿದ್ದೆ. ಎರಡು ದಿನ ಸುಮ್ಮನಿದ್ದೆ. ಶನಿವಾರ ತಲೆ ತಿರುಗಲು ಶುರುವಾಯಿತು. ಜಿಪಿ ಬಾಗಿಲು ಹಾಕಿತ್ತು. ನಡೆದು ಅವಳ ಅಂಗಡಿಗೆ ಹೋದೆ. ಮಧ್ಯಾಹ್ನ ಒಂದು ಗಂಟೆ. ನನ್ನ ಹಿಂದೆ ನಾಲ್ಕು ಜನ ನಿಂತಿದ್ದರು. ಖಾಲಿ ಡಬ್ಬಿ ಕೌಂಟರಿನ ಮೇಲಿಟ್ಟೆ.

“ಅಮ್ಮಾರ, ಫಾರ್ಮಸಿಸ್ಟ್ ಊಟಕ್ಕ ಹೊರಗ ಹೋಗ್ಯಾರ್ರಿ. ಚೀಟಿ ಇಲ್ಲದ ತುರ್ತಿಗೆ ಕೊಡೂದಿದ್ರ ಅವರ ನಿಮ್ಮನ್ನ ಕೇಳಿ ಕೊಡ್ಬೇಕು. ಕುಂದರ್ರಿ, ಅರ್ಧ ತಾಸಿನಾಗ ಬರ್ತಾರ.”

“ನನ್ನ ಮಾತ್ರೆ ಯಾವುದು ಅಂತ ನಿನಗೆ ಗೊತ್ತುಂಟಲ್ಲ. ನಿನ್ನ ಬೆನ್ನ ಹಿಂದೆಯೇ ಇದೆ, ನನಗೆ ಕಾಣ್ತದೆ.”

“ಐತ್ರಿ. ನಾ ಕೊಡಾಕ ಬರಂಗಿಲ್ಲ.”

“ಹುಬ್ಬಳ್ಳಿಯಲ್ಲಿ ಕೊಡ್ತಿದ್ದೆಯಲ್ಲ, ಕಂಡವರಿಗೆಲ್ಲ.”

ಅವಳ ಮುಖ ಸ್ವಲ್ಪ ಸಣ್ಣದಾಯಿತು. “ಅಲ್ಲಿ ನಾ ಫಾರ್ಮಸಿಸ್ಟ್ ಇದ್ದೆ. ಇಲ್ಲಿ ಅಲ್ರಿ.”

ನನಗೆ ಸಿಟ್ಟು ನೆತ್ತಿಗೇರಿತ್ತು. ಎರಡು ತಿಂಗಳು ಸೌಟು ಹಿಡಿದು ಕಲಿಸಿದವಳು ನಾನೇ ಎಂಬುದು ಆಗ ನೆನಪಿಗೆ ಬರಲಿಲ್ಲ. ಅದು ಆಟ, ಇದು ನನ್ನ ತಲೆ. “ಹಾಗಾದರೆ ಬರುವ ತಿಂಗಳು ಬೇರೆ ಮನೆ ನೋಡಿಕೋ” ಎಂದೆ, ಅಂಗಡಿಯಲ್ಲಿದ್ದ ಎಲ್ಲರ ಎದುರು.

“ಆತ್ರಿ. ಈಗ ಕುಂದರ್ರಿ” ಎಂದಳು. ಕೈ ಕೌಂಟರಿನ ಮೇಲೆ ಊರಿದಂತೆಯೇ ಇತ್ತು, ಒಂದು ಬೆರಳೂ ಅಲುಗಲಿಲ್ಲ.

ನಾನು ಕೂರಲಿಲ್ಲ. ಮನೆಗೆ ಬಂದೆ. ಸಿಟ್ಟಿನಲ್ಲಿ ಊಟವೂ ಮಾಡದೆ ಸ್ಟೂಲು ಹತ್ತಿ ಬಿಸ್ಕೆಟ್ ಡಬ್ಬ ಇಳಿಸಿದೆ. ನನ್ನ ಪ್ರೆಶರಿನ ಮಾತ್ರೆ ಸಣ್ಣದು, ಬೆಳ್ಳಗೆ, ಉರುಟು. ಅಂಥದ್ದೇ ಮೂರು ಮಾತ್ರೆಯ ಒಂದು ತುಂಡು ಸ್ಟ್ರಿಪ್ ಸಿಕ್ಕಿತು. ಒಂದು ನುಂಗಿ ನೀರು ಕುಡಿದೆ. ನಿನ್ನ ಕಾನೂನು ನೀನೇ ಇಟ್ಟುಕೋ ಎಂದುಕೊಂಡೆ.

ಸುಮಾರು ಒಂದು ಗಂಟೆಯಾಗಿರಬೇಕು. ಕೈ ನಡುಗಲು ಶುರುವಾಯಿತು. ಬೆವರು ಬಂದು ರವಿಕೆ ಒದ್ದೆಯಾಯಿತು. ಕುರ್ಚಿಯಿಂದ ಏಳಲು ನೋಡಿದರೆ ಕಾಲು ನನ್ನದಲ್ಲ. ಆ ಹೊತ್ತಿಗೆ ಬಾಗಿಲಿನ ಬೀಗ ತಿರುಗಿದ ಸದ್ದಾಯಿತು. ಫಾರ್ಮಸಿಸ್ಟ್ ವಾಪಸು ಬಂದ ಮೇಲೆ ಅವಳು ತನ್ನ ಊಟದ ಬಿಡುವಿನಲ್ಲಿ ನನ್ನನ್ನು ಕರೆದುಕೊಂಡು ಹೋಗಲು ಬಂದಿದ್ದಳು.

“ಬರ್ರಿ ಅಮ್ಮಾರ, ಅವರು ಬಂದಾರ…” ಎನ್ನುತ್ತ ಒಳಗೆ ಬಂದವಳು ನನ್ನ ಮುಖ ನೋಡಿ ನಿಂತಳು. “ಏನರ ತಗೊಂಡ್ರೇನು?”

“ಪ್ರೆಶರಿನ ಮಾತ್ರೆ. ನಿನ್ನ ಉಪಕಾರ ಬೇಡ.”

“ಎಲ್ಲೈತಿ? ತೋರಸ್ರಿ.”

ಮೇಜಿನ ಮೇಲಿದ್ದ ತುಂಡನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿದಳು. ಎರಡೂ ಕಡೆ ಕತ್ತರಿ ಹಾಕಿದ ತುಂಡು. ಹೆಸರು ಇರುವ ಭಾಗ ಬೇರೆ ಯಾರದೋ ಜೇಬಿಗೆ ಹೋಗಿತ್ತು.

“ಈ ಡಬ್ಬಿಯೊಳಗ ಸಕ್ಕರಿ ಕಾಯಿಲೆ ಮಾತ್ರಿ ಅದಾವೇನ್ರಿ?”

“ನಾದಿನಿದು ಇದ್ದೀತು.”

ಅರ್ಧ ಲೋಟ ನೀರಿಗೆ ಸಕ್ಕರೆ ಸುರಿದು ಕಲಕಿ, ಗಲ್ಲ ಹಿಡಿದು ಕುಡಿಸಿದಳು. ಇನ್ನೊಂದು ಕೈಯಲ್ಲಿ ಫೋನು ಹಚ್ಚಿ ಆಂಬುಲೆನ್ಸಿನವರ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡಿದಳು. ಆ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮಣಮಣ ಇಲ್ಲ, ತಡವರಿಕೆ ಇಲ್ಲ. ನನ್ನ ವಯಸ್ಸು, ನುಂಗಿದ ಹೊತ್ತು, ಎಷ್ಟು ಮಾತ್ರೆ, ಯಾವುದಿರಬಹುದು, ಹೊಟ್ಟೆಯಲ್ಲಿ ಏನೂ ಇಲ್ಲ, ಎಲ್ಲ ಒಂದರ ಹಿಂದೆ ಒಂದು. ನನಗೆ ಇಂಗ್ಲಿಷ್ ಅಷ್ಟು ಬರುವುದಿಲ್ಲ. ಆದರೂ ತಿಳಿದ ಮನುಷ್ಯ ಮಾತಾಡುವುದು ಹೇಗೆ ಎನ್ನುವುದು ಯಾವ ಭಾಷೆಯಲ್ಲಾದರೂ ತಿಳಿಯುತ್ತದೆ.

ಮೈಯ ಸಕ್ಕರೆ ಇಳಿದುಹೋಗಿದೆ ಎಂದು ಆಸ್ಪತ್ರೆಯಲ್ಲಿ ಮರುದಿನ ಸಂಜೆಯ ತನಕ ಗ್ಲೂಕೋಸ್ ಹಾಕಿ ಇಟ್ಟುಕೊಂಡರು. ಅಲ್ಲಿಯೇ ಪ್ರೆಶರಿನ ಮಾತ್ರೆಯೂ ಸಿಕ್ಕಿತು. ಅವಳು ಪುಸ್ತಕ ಬಿಟ್ಟು ನನ್ನ ಮಂಚದ ಪಕ್ಕ ಕೂತಿದ್ದಳು. ಓದಿಕೋ ಎಂದರೆ ಕೇಳಲಿಲ್ಲ.

ಮನೆಗೆ ಬಂದ ಮೇಲೆ ನಾನೇ ಡಬ್ಬ ತೆಗೆದು ಅವಳ ಮುಂದೆ ಇಟ್ಟೆ. ತಪ್ಪು ನನ್ನದು, ಅದರಲ್ಲಿ ಎರಡು ಮಾತಿಲ್ಲ. ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬಯ್ಯಲಿಲ್ಲ. ಡಬ್ಬವನ್ನು ಮೇಜಿನ ಮೇಲೆ ಮಗುಚಿ, ಒಂದೊಂದೇ ತುಂಡನ್ನು ಸಾಲಾಗಿ ಜೋಡಿಸಿದಳು. ಎರಡು ಮಾತ್ರೆಯ ತುಂಡು, ನಾಲ್ಕರ ತುಂಡು, ಒಂದರ ತುಂಡು. ಅರ್ಧಕ್ಕರ್ಧ ಹೆಸರಿಲ್ಲದವು. ಒಂದು ತುಂಡಿನ ಅಂಚಿನ ಮೇಲೆ ಆ ಒಡೆದ ಹೆಬ್ಬೆರಳು ಎಳೆದಳು.

“ಹಿಂಗ ಕತ್ತರಿಸ್ತಿದ್ದೆನ್ರಿ ನಾನೂ. ನಾಕು ನಿಮಗ, ಆರು ಮುಂದಿನವರಿಗೆ. ಪಾಪ, ಬಡವರು ಅಂತ. ಹೆಸರು ಯಾರ ಕೈಗೆ ಹೋತು ಅಂತ ಒಮ್ಮೆನೂ ನೋಡ್ಲಿಲ್ಲ.” ತುಂಡುಗಳನ್ನು ಒಂದು ಕಡೆ ಗುಡ್ಡೆ ಮಾಡುತ್ತ ಹೇಳಿದಳು, “ಅವೆಲ್ಲಾ ಈಗ ಯಾವ ಯಾವ ಮನಿ ಡಬ್ಬಿಯೊಳಗ ಅದಾವೋ.”

ಎಲ್ಲವನ್ನೂ ಚೀಲಕ್ಕೆ ತುಂಬಿ ಅಂಗಡಿಗೆ ಒಯ್ದು ನಾಶಕ್ಕೆ ಕೊಟ್ಟಳು. ಡಬ್ಬದಲ್ಲಿ ಈಗ ಚಕ್ಕುಲಿ ಇದೆ.

“ನಾ ಬ್ಯಾರೆ ಮನಿ ನೋಡ್ಲೇನ್ರಿ?” ಎಂದು ಆ ದಿನವೇ ಕೇಳಿದಳು, ನಗದೆ.

“ಪರೀಕ್ಷೆ ಮುಗಿಯಲಿ” ಎಂದೆ, ನಾನೂ ನಗದೆ.

ಮೇಜಿನ ಆಟ ಮತ್ತೆ ಶುರುವಾಯಿತು. ನಾನು ಏನನ್ನೂ ಬಿಡಲಿಲ್ಲ. ಗೋಳಾಡಿದೆ, ಕಾಲಿಗೆ ಬಿದ್ದೆ, ಅವಳ ಊರಿನ ಹೆಸರು ಹಿಡಿದು ಬಯ್ದೆ, ಆಸ್ಪತ್ರೆಯಿಂದ ನೇರ ಬಂದ ಹಾಗೆ ಕೆಮ್ಮಿದೆ. ಅವಳು ನಿಧಾನವಾಗಿ, ಪ್ರೀತಿಯಿಂದಲೇ, ಇಲ್ಲ ಎನ್ನುತ್ತಿದ್ದಳು. ಇಲ್ಲ ಎಂದಷ್ಟಕ್ಕೆ ನಿಲ್ಲಿಸುತ್ತಲೂ ಇರಲಿಲ್ಲ. ಹಾಗಾದರೆ ಎಲ್ಲಿಗೆ ಹೋಗಬೇಕು, ಯಾರಿಗೆ ಫೋನು ಮಾಡಬೇಕು, ಅಲ್ಲಿಯ ತನಕ ಏನು ಮಾಡಬೇಕು ಎಂದು ಹೇಳಿ ಕಳಿಸುತ್ತಿದ್ದಳು. ಮುಂಚೆ ಈ ಆಟದಲ್ಲಿ ಉತ್ತರದ ಆ ಇನ್ನರ್ಧ ಅವಳಿಗೆ ತೋಚುತ್ತಿರಲಿಲ್ಲ. ಕೊಡುವುದು, ಇಲ್ಲವಾದರೆ ಕೊಡದಿರುವುದು, ಎರಡೇ ಇದ್ದವು. ಸೌಟು ಅದರ ಕೊಕ್ಕೆಗೆ ಹೋಯಿತು. ಅದಕ್ಕೆ ಕೆಲಸವಿರಲಿಲ್ಲ.

ಪರೀಕ್ಷೆಯ ದಿನ ಅವಲಕ್ಕಿ ಮೊಸರು ತಿಂದು ಹೋದಳು. ಟ್ರೇ ತುಂಬುವ ಕೆಲಸಕ್ಕೆ ಮರುದಿನವೇ ಹೋದಳು. ಫಲಿತಾಂಶಕ್ಕೆ ಒಂದು ತಿಂಗಳ ಮೇಲೆ ಕಾಯಬೇಕಿತ್ತು. ಆ ದಿನಗಳಲ್ಲಿ ಅವಳು ಸೊರಗಿದಳು. ಗಂಡ ಗೋದಾಮಿನಲ್ಲೇ ಅವಳಿಗೂ ಕೆಲಸ ಕೇಳಿಟ್ಟಿದ್ದ, ಆಗದಿದ್ದರೆ ಇರಲಿ ಎಂದು. ಅದನ್ನು ನನಗೆ ಹೇಳುವಾಗ ಅವಳು ತನ್ನ ಹೆಬ್ಬೆರಳು ನೋಡಿಕೊಂಡಳು.

ಫಲಿತಾಂಶದ ದಿನ ನಾನು ಹಿಟ್ಟಿಗೆ ಉದ್ದು ನೆನೆಸುತ್ತಿದ್ದೆ. ಅವಳು ಮೆಟ್ಟಿಲು ಇಳಿದು ಬಂದು, ಮೇಜಿನ ಆ ಕಡೆ ತನ್ನ ಜಾಗದಲ್ಲಿ ನಿಂತಳು. ಎರಡೂ ಕೈ ಮೇಜಿನ ಮೇಲೆ ಊರಿದಳು.

“ಚೀಟಿ ತಂದೀರೇನ್ರಿ ಅಮ್ಮಾರ?”

ಅರ್ಥವಾಗಲು ನನಗೆ ಒಂದು ಗಳಿಗೆ ಹಿಡಿಯಿತು. ಆಮೇಲೆ ಕೈ ಒರೆಸಿಕೊಂಡು ಈ ಕಡೆ ಬಂದು ನಿಂತೆ.

“ತಂದಿಲ್ಲ.”

“ಹಂಗಾದ್ರ ಕೊಡಂಗಿಲ್ರಿ” ಎಂದಳು. ಹೇಳುತ್ತ ಹೇಳುತ್ತ ಅತ್ತುಬಿಟ್ಟಳು. ನಾನು ಅಳಲಿಲ್ಲ. ಚಹಾ ಇಟ್ಟೆ, ಅವಳಿಗೆ ಬೇಕಾದ ಹಾಗೆ ಮೂರು ಚಮಚ ಸಕ್ಕರೆ ಹಾಕಿ. ಆದರೆ ಆ ದಿನ ಅಂಗಡಿಗೆ, ಗ್ರಂಥಾಲಯಕ್ಕೆ, ಬಸ್ಸಿಗೆ ಎಂದು ನಾನು ಬೀದಿಯಲ್ಲಿ ಮೂರು ಸಲ ಓಡಾಡಿದೆ. ಕೆಲಸವೇನೂ ಇರಲಿಲ್ಲ. ನಮ್ಮವಳು ಪಾಸಾದಳು ಎಂದು ಸಿಕ್ಕಿದವರಿಗೆಲ್ಲ ಹೇಳುವುದಿತ್ತು.

ಅವಳು ಈಗ ನನ್ನ ಮನೆಯಲ್ಲಿ ಇಲ್ಲ. ಎರಡು ಬೀದಿ ಆಚೆ ಫ್ಲಾಟು ಹಿಡಿದಿದ್ದಾರೆ, ಲಿಫ್ಟು ಇದೆ. ಅಂಗಡಿ ಅದೇ. ಆದರೆ ಟ್ರೇ ತುಂಬುವುದು ಬೇರೆಯವರು, ಸರಿಯಿದೆಯೇ ಎಂದು ನೋಡಿ ಸಹಿ ಹಾಕುವುದು ಅವಳು. ಹೆಬ್ಬೆರಳು ವಾಸಿಯಾಗಿದೆ. ನೀನು ಜೀವ ಉಳಿಸಿದೆ ಎಂದು ನಾನು ಅವಳಿಗೆ ಒಂದು ದಿನವೂ ಹೇಳಿಲ್ಲ. ಅಂಥ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಇಲ್ಲಿ ಬರೆದಿದ್ದೇನೆ, ಓದಿಕೊಳ್ಳಲಿ.

ಕಳೆದ ವಾರ ಪ್ರೆಶರಿನ ಮಾತ್ರೆ ತರಲು ಹೋಗಿದ್ದೆ, ಚೀಟಿ ಜಿಪಿಯಿಂದ ಮುಂಚೆಯೇ ಅಂಗಡಿಗೆ ಹೋಗಿತ್ತು. ಅವಳೇ ಚೀಲ ಹಿಡಿದು ಕೌಂಟರಿಗೆ ಬಂದಳು. ಚೀಲ ನನ್ನ ಕೈಗೆ ಬರಲಿಲ್ಲ.

“ಹೆಸರು, ವಿಳಾಸ ಹೇಳ್ರಿ ಅಮ್ಮಾರ.”

“ಎರಡು ವರ್ಷ ಅದೇ ವಿಳಾಸದಲ್ಲಿ ಇದ್ದು ಹೋದವಳು ನೀನು. ನನ್ನ ಹತ್ತಿರ ಕೇಳ್ತೀಯಾ?”

“ಎಲ್ಲಾರಿಗೂ ಕೇಳ್ತೀನ್ರಿ.”

ಹೇಳಿದೆ. ಮನೆ ನಂಬರಿನಿಂದ ಹಿಡಿದು ಪೂರ್ತಿ, ಹಿಂದೆ ನಿಂತವರಿಗೂ ಕೇಳುವ ಹಾಗೆ ಹೇಳಿದೆ. ಆಗ ಚೀಲ ಕೊಟ್ಟಳು.

ಇಷ್ಟು ಬರೆದವಳು ಅವಳ ಹೆಸರು ಯಾಕೆ ಬರೆಯಲಿಲ್ಲ ಎಂದು ನೀವು ಕೇಳಬಹುದು. ಬೇಡ್ರಿ, ನಾಚಿಕಿ ಆಗತೈತಿ ಎಂದಿದ್ದಾಳೆ. ಅವಳು ಏನೇ ಹೇಳಲಿ, ಬೇಕಾದವರು ನಮ್ಮ ಬೀದಿಯ ಕೊನೆಗೆ ಹೋಗಿ ನೋಡಬಹುದು. ಕೌಂಟರಿನ ಹಿಂದಿನ ಗೋಡೆಯ ಮೇಲೆ, ಹೆಸರು, ನಂಬರು, ಬಂದವರಿಗೆಲ್ಲ ಕಾಣುವ ಹಾಗೆ ಹಾಕಿದ್ದಾರೆ. ಹಾಕಲೇಬೇಕು. ಕಾನೂನು.